ಮೊದಲು ಸಮೀಕ್ಷೆ, ಆಮೇಲೆ ಗುದ್ದಲಿ

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಹೆದ್ದಾರಿಯಲ್ಲಿ ಸಾಗುವಾಗಲೆಲ್ಲ ನಮ್ಮನ್ನು ಒಂದು ವಿಚಾರ ಕಾಡುತ್ತದೆ. ಇಲ್ಲಿಯ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕು ಶಿಲ್ಪವಾಗಿ ನಿಂತಿದೆ. 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಆದರೆ ಊರೂರಿನ ರಸ್ತೆಯಂಚಿನ ವೀರಗಲ್ಲು, ದಾನಶಾಸನಗಳಿಗೆ ಕಾವಲು ಯಾರು?

ಹಾನಗಲ್ಲಿನ ತಾರಕೇಶ್ವರ ದೇವಾಲಯದಂತಹ ರಾಷ್ಟ್ರೀಯ ಸ್ಮಾರಕಗಳಿಗೆ ಕಾಯಿದೆಯ ರಕ್ಷಣೆಯುಂಟು. 2010ರ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪಟ್ಟಿಗೆ ಸೇರದ ಕಲ್ಲಿಗೆ ಈ ಆಸರೆಯಿಲ್ಲ.

ರಸ್ತೆ ಅಗಲವಾಗಲಿ, ನಾವು ಅದರ ವಿರೋಧಿಗಳಲ್ಲ. ಕಲ್ಲನ್ನು ಕಿತ್ತು ಗುಡಿಯ ಅಂಗಳದಲ್ಲಿಟ್ಟರೆ ಸಾಲದೇ ಎನ್ನುವವರುಂಟು. ಆದರೆ ದಾನಶಾಸನವು ಭೂಮಿಯ ಎಲ್ಲೆಯನ್ನು ಕೆರೆ, ಹಳ್ಳ, ದಾರಿಗಳ ದಿಕ್ಕು ಹಿಡಿದು ಹೇಳುತ್ತದೆ. ನೆಲೆಯನ್ನು ಗುರುತಿಸದೆ ಕಿತ್ತರೆ ಅಕ್ಷರ ಉಳಿದೀತು, ಸಾಕ್ಷಿ ಅಳಿದೀತು.

ಆದಕಾರಣ ಗುದ್ದಲಿ ಬೀಳುವ ಮುನ್ನವೇ ಸಮೀಕ್ಷೆ ನಡೆಯಬೇಕು. ಅದಕ್ಕೆ ನಮ್ಮ ಮನೆಗಳೂ ನೆರವಾಗಬಲ್ಲವು. ಹಿರಿಯರನ್ನು ಕೇಳೋಣ, ಪ್ರತಿ ಕಲ್ಲಿನ ನೆಲೆ, ದಿಕ್ಕು, ಅಳತೆಗಳನ್ನು ಬರೆದು, ಛಾಯಾಚಿತ್ರ ತೆಗೆದು, ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಲುಪಿಸೋಣ. ಸುಣ್ಣ ಬಳಿದು ಅಕ್ಷರಗಳನ್ನು ಮುಚ್ಚದಿರೋಣ. ಊರಿನ ತುರುಗಳನ್ನು ಕಾಯುತ್ತ ಮಡಿದ ಎಷ್ಟೋ ಜನರ ನೆನಪು ಆ ಕಲ್ಲಿನ ಹೊರತು ಬೇರೆಲ್ಲಿಯೂ ಉಳಿದಿಲ್ಲ.