ಮೈಯೊಳಗಿನ ಅಚ್ಚಿನ ತಪ್ಪು

ಮೊಳೆ ಜೋಡಿಸಿ ಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕರಡು ತಿದ್ದುವವರಿಗೆ ಒಂದು ಹೆದರಿಕೆ ಇದ್ದೇ ಇರುತ್ತಿತ್ತು. ಎಲ್ಲಿಂದಲೋ ಒಂದು ಎತ್ವ ಬಂದು ಕೂತರೆ ಹಣ ಹೆಣವಾಗಿಬಿಡುತ್ತದೆ! ಪತ್ರಿಕೆಯಾದರೆ ಮರುದಿನ ತಿದ್ದುಪಡಿ ಹಾಕಿ ಕೈ ತೊಳೆದುಕೊಳ್ಳಬಹುದು. ಮೈಯೊಳಗೇ ಅಂಥ ತಪ್ಪು ಅಚ್ಚಾಗಿ ಹುಟ್ಟಿದವರ ಗತಿಯೇನು?

1904ರ ಡಿಸೆಂಬರಿನಲ್ಲಿ ಷಿಕಾಗೋದ ಆಸ್ಪತ್ರೆಯೊಂದಕ್ಕೆ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ತರುಣ ಬಂದ. ಗ್ರೆನಡಾ ದ್ವೀಪದವನು, ದಂತವೈದ್ಯ ಕಲಿಯಲು ಬಂದಿದ್ದ. ಕೆಮ್ಮು, ಜ್ವರ. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಕಿರಿಯ ವೈದ್ಯರಿಗೆ ದುಂಡನೆಯ ಕೆಂಪು ಕಣಗಳ ನಡುವೆ ಕುಡುಗೋಲಿನಂತೆ ಬಾಗಿದವೂ ಕಂಡವು. ಹಿರಿಯರಾದ ಜೇಮ್ಸ್ ಹೆರಿಕ್ 1910ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನೋಯೆಲ್ ಓದು ಮುಗಿಸಿ ಊರಿಗೆ ಮರಳಿ ಹಲ್ಲಿನ ಡಾಕ್ಟರಾದ. 1916ರಲ್ಲಿ, 32ನೇ ವಯಸ್ಸಿಗೇ ತೀರಿಕೊಂಡ. ಅವನ ರಕ್ತದಲ್ಲಿ ಬರೆದಿದ್ದನ್ನು ಓದುವ ಲಿಪಿ ಆಗ ಯಾರಿಗೂ ಗೊತ್ತಿರಲಿಲ್ಲ.

ಆ ಲಿಪಿಯೇ ಡಿಎನ್‌ಎ. ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ ಎಕ್ಸ್-ರೇ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ರೂಪ ಹೇಳಿದರು: ತಿರುಚಿದ ಏಣಿ. ಮೆಟ್ಟಿಲುಗಳಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಬೇರೆ ಜಾತಕ ಕೂಡುವುದಿಲ್ಲ. ಕನ್ನಡದ ವರ್ಣಮಾಲೆಯ ಮುಂದೆ ಬಹಳ ಬಡ ಸಂಸಾರ. ಆದರೂ ಮೂರು ಮೂರು ಅಕ್ಷರ ಸೇರಿದರೆ 64 ಪದ. ಮೂರು ಪದಗಳು ಪೂರ್ಣವಿರಾಮಗಳು. ಉಳಿದ ಒಂದೊಂದೂ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಜೀವಕೋಶವು ಈ ಬರಹದ ನಕಲನ್ನು ಆರ್‌ಎನ್‌ಎಯಲ್ಲಿ ತೆಗೆದು ರೈಬೋಸೋಮಿಗೆ ಕಳಿಸುತ್ತದೆ. ಅಲ್ಲಿ ಹೂ ಕಟ್ಟಿದ ಹಾಗೆ ಅಮೈನೋ ಆಮ್ಲಗಳು ಸಾಲಾಗಿ ಸೇರಿ ಪ್ರೋಟೀನು ಆಗುತ್ತದೆ.

ರಕ್ತಕ್ಕೆ ಕೆಂಪು ಕೊಡುವ ಹಿಮೊಗ್ಲೋಬಿನ್ ಅಂಥದೊಂದು ಪ್ರೋಟೀನು. 1950ರ ದಶಕದ ನಡುವೆ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಂ ಆರೋಗ್ಯವಂತರ ಹಿಮೊಗ್ಲೋಬಿನನ್ನೂ ಕುಡುಗೋಲು ಕಣದ ರೋಗಿಗಳದನ್ನೂ ಚೂರು ಮಾಡಿ ಪಕ್ಕಪಕ್ಕ ಇಟ್ಟು ನೋಡಿದರು. 1957ರಲ್ಲಿ ಉತ್ತರ ಸಿಕ್ಕಿತು. ಅದರ ಬೀಟಾ ಸರದಲ್ಲಿ 146 ಅಮೈನೋ ಆಮ್ಲಗಳು. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇದ್ದರೆ ಮುಗಿಯಿತು. ಮುಂದೆ ನಿರೆನ್‌ಬರ್ಗ್, ಹರಗೋಬಿಂದ ಖುರಾನಾ ಮೊದಲಾದವರು ಪದಕೋಶವನ್ನು ಬಿಡಿಸಿಕೊಟ್ಟ ಮೇಲೆ ಮೂಲದ ತಪ್ಪೂ ಅರ್ಥವಾಯಿತು. ಜಿಎಜಿ ಇರಬೇಕಾದಲ್ಲಿ ಜಿಟಿಜಿ. ಅಷ್ಟೇ! ಆ ಒಂದಕ್ಷರದಿಂದ ಹಿಮೊಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟೊಡನೆ ಒಂದಕ್ಕೊಂದು ಅಂಟಿ ಕಡ್ಡಿಯಾಗುತ್ತದೆ, ಕಣ ಬಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗಿನ ನೋವು ಮೂಳೆಯೊಳಗಿನದು.

ಇಷ್ಟು ಕೆಟ್ಟ ತಪ್ಪು ಅಳಿದುಹೋಗದೆ ಉಳಿದದ್ದೇಕೆ? ತಂದೆ, ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಅದು ಮಲೇರಿಯಾದಿಂದ ಕಾಯುತ್ತದೆ. ಇಬ್ಬರಿಂದಲೂ ಬಂದರೆ ರೋಗ. ಸೊಳ್ಳೆಯ ನಾಡಿನಲ್ಲಿ ಅಣ್ಣನನ್ನು ಉಳಿಸಿದ್ದೇ ತಮ್ಮನನ್ನು ಕೊಲ್ಲಬಹುದು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಚಾಮರಾಜನಗರದ ಕಾಡಿನ ಸೋಲಿಗರಲ್ಲೂ ಇದೆ.

2023ರಲ್ಲಿ ಬ್ರಿಟನ್ನೂ ಅಮೆರಿಕವೂ ಜೀನ್ ತಿದ್ದುವ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಕೊಟ್ಟವು. ತಮಾಷೆಯೆಂದರೆ ಅದು ಆ ಅಕ್ಷರದ ತಂಟೆಗೇ ಹೋಗುವುದಿಲ್ಲ. ಗರ್ಭದಲ್ಲಿದ್ದಾಗ ಮಗು ಬಳಸುತ್ತಿದ್ದ ಬೇರೊಂದು ಹಿಮೊಗ್ಲೋಬಿನನ್ನು ಮತ್ತೆ ಎಬ್ಬಿಸುತ್ತದೆ. ಅಮೆರಿಕದಲ್ಲಿ ಅದಕ್ಕೆ ಕಟ್ಟಿದ ಬೆಲೆ 22 ಲಕ್ಷ ಡಾಲರ್. ಅದೇ ವರ್ಷ ಭಾರತ ಸರ್ಕಾರವೂ ಈ ರೋಗದ ವಿರುದ್ಧ ಅಭಿಯಾನ ಹೂಡಿತು. ಸೋಲಿಗರ ಪೋಡುಗಳಿಗೆ ಎಟುಕುವ ಮದ್ದು ಹೈಡ್ರಾಕ್ಸಿಯೂರಿಯಾ ಗುಳಿಗೆ. ಅದಕ್ಕೂ ಮೊದಲು ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತದ ಪರೀಕ್ಷೆ.