ವೈರಸ್ ಹೋದ ಮೇಲಿನ ದಾರಿ

ಈಜಿಪ್ಟಿಗೆ ಬರುವ ಪ್ರವಾಸಿಗರು ಪಿರಮಿಡ್ ನೋಡಿ ಮುಗಿಸಿದ ಮೇಲೆ ದಕ್ಷಿಣಕ್ಕೆ ತಿರುಗುತ್ತಾರೆ: ಲಕ್ಸರ್, ಅಸ್ವಾನ್, ಗೋರಿ, ಗುಡಿ. ನಾನು ಉತ್ತರಕ್ಕೆ ಹೊರಟೆ. ಕೈರೋದ ರಾಮ್ಸೆಸ್ ನಿಲ್ದಾಣದಿಂದ ಅಲೆಕ್ಸಾಂಡ್ರಿಯಾದತ್ತ ಹೋಗುವ ರೈಲು ಬೆನ್ಹಾ, ತಾಂತಾ, ದಮನ್ಹೂರ್ ದಾಟಿ ನೈಲ್ ಡೆಲ್ಟಾದ ನಡುವೆ ಸಾಗುತ್ತದೆ. ಕಿಟಕಿಯಾಚೆ ಬರ್ಸೀಮ್ ಮೇವಿನ ಹೊಲ, ಗೋಧಿ, ಮತ್ತೆ ಮತ್ತೆ ಕಾಲುವೆ. ಮಂಡ್ಯದ ನಾಲಾ ಬಯಲನ್ನು ಬಲ್ಲವರಿಗೆ ಅಪರಿಚಿತವೆನಿಸದ ನೋಟ. ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಜಗತ್ತಿನಲ್ಲೇ ಅತಿ ಹೆಚ್ಚು ಇದ್ದ ನೆಲಗಳಲ್ಲಿ ಇದೂ ಒಂದು. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಈಜಿಪ್ಟಿನವರಲ್ಲಿ ನೂರಕ್ಕೆ ಸುಮಾರು 15 ಜನರ ರಕ್ತದಲ್ಲಿ ಈ ಸೋಂಕಿನ ಗುರುತು ಸಿಕ್ಕಿತ್ತು. ಅದೇ ದೇಶವನ್ನು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರೋಗ ನಿರ್ಮೂಲನೆಯ ಹಾದಿಯಲ್ಲಿ 'ಚಿನ್ನದ ಶ್ರೇಣಿ' ತಲುಪಿದ ಮೊದಲ ದೇಶವೆಂದು ಹೊಗಳಿತು. ಹೊಗಳಿಕೆ ನ್ಯಾಯವಾದದ್ದೇ. ಆದರೆ ರಕ್ತದಿಂದ ವೈರಸ್ ಹೋದ ದಿನವೇ ರೋಗಿಯ ಹೆಸರಿಗೆ 'ಗುಣವಾಯಿತು' ಎಂದು ಷರಾ ಬರೆಯುವ ಲೆಕ್ಕದಲ್ಲಿ, ಲಿವರ್ ಆಗಲೇ ಕೆಟ್ಟುಹೋದವರು ಕಾಣೆಯಾಗುತ್ತಾರೆ. ಅವರ ಪಾಲಿಗೆ ಮಾತ್ರೆಯ ಡಬ್ಬಿ ಖಾಲಿಯಾದ ಮೇಲೂ ಚಿಕಿತ್ಸೆ ಮುಗಿಯುವುದಿಲ್ಲ, ಬೇರೆ ರೂಪದಲ್ಲಿ ಮುಂದುವರಿಯುತ್ತದೆ.

ಈ ಸೋಂಕು ಇಷ್ಟು ಹರಡಿದ್ದು ಹೇಗೆಂದು ತಿಳಿಯಲು ರೈಲು ಹತ್ತುವ ಮೊದಲು ನೋಡಬೇಕಾದ ಜಾಗ ಕೈರೋದ ಕಸ್ರ್ ಅಲ್-ಐನಿ ಆಸ್ಪತ್ರೆ. 1851ರಲ್ಲಿ ಜರ್ಮನ್ ವೈದ್ಯ ಥಿಯೊಡೋರ್ ಬಿಲ್ಹಾರ್ಜ್ ಇಲ್ಲಿ ಶವಪರೀಕ್ಷೆ ಮಾಡುತ್ತಾ, ಮುಂದೆ ಅವನ ಹೆಸರನ್ನೇ ಹೊತ್ತ ರೋಗದ ಹುಳುವನ್ನು ಕಂಡುಹಿಡಿದ. ಕಾಲುವೆಯ ಬಸವನಹುಳುವಿನಲ್ಲಿ ಬೆಳೆದು, ನೀರಿಗಿಳಿದವರ ಚರ್ಮ ಕೊರೆದು ಒಳಗೆ ಸೇರುವ ಹುಳು ಅದು. ಫೇರೋಗಳ ಕಾಲದ ಮಮ್ಮಿಗಳಲ್ಲೂ ಅದರ ಮೊಟ್ಟೆಗಳು ಸಿಕ್ಕಿವೆ. ವರ್ಷವಿಡೀ ನೀರು ಹರಿಸುವ ನಾಲೆಗಳು ಬಂದಂತೆ ಬಿಲ್ಹಾರ್ಜಿಯಾ ರೈತರ ಬದುಕಿಗೆ ಅಂಟಿಕೊಂಡಿತು. ಅದಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಟಾರ್ಟರ್ ಎಮೆಟಿಕ್ ಎಂಬ ಆಂಟಿಮನಿ ಲವಣ. ವಾರಗಟ್ಟಲೆ, ಮತ್ತೆ ಮತ್ತೆ, ರಕ್ತನಾಳಕ್ಕೇ ಚುಚ್ಚಬೇಕಾದ ಮದ್ದು. 1950ರ ದಶಕದಿಂದ 1980ರ ದಶಕದವರೆಗೆ ಹಳ್ಳಿಗಳಲ್ಲಿ ಇದರ ಸಾಮೂಹಿಕ ಅಭಿಯಾನ ನಡೆಯಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸಲು ಪುರುಸೊತ್ತಿಲ್ಲದೆ ಒಂದೇ ಸೂಜಿ ಅನೇಕರ ತೋಳಿಗೆ ಇಳಿಯಿತು. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಯಾವ ಪ್ರಾಂತ್ಯದಲ್ಲಿ, ಯಾವ ವಯಸ್ಸಿನವರಿಗೆ ಈ ಚುಚ್ಚುಮದ್ದು ಹೆಚ್ಚು ಸಿಕ್ಕಿತ್ತೋ ಅಲ್ಲೇ ಹೆಪಟೈಟಿಸ್ ಸಿ ಕೂಡ ಹೆಚ್ಚಾಗಿದೆ ಎಂದು ತೋರಿಸಿತು. ಹಾಗಾದರೆ ಆ ಕಾಲದ ವೈದ್ಯರನ್ನು ಅಪರಾಧಿಗಳೆನ್ನಬೇಕೆ? ಬೇಡ. ಬಿಲ್ಹಾರ್ಜಿಯಾ ಕಣ್ಣೆದುರೇ ಜನರನ್ನು ಕೊಲ್ಲುತ್ತಿತ್ತು, ಸಿ ವೈರಸ್ ಗುರುತು ಸಿಕ್ಕಿದ್ದೇ 1989ರಲ್ಲಿ. ಆದರೆ ಅಪರಾಧವಿಲ್ಲದಿದ್ದರೂ ಹೊಣೆ ಇರುತ್ತದೆ. ಸರ್ಕಾರಿ ಸೂಜಿಯಿಂದ ಬಂದ ರೋಗವನ್ನು ಸರ್ಕಾರವೇ ಕೊನೆಯವರೆಗೆ ನೋಡಿಕೊಳ್ಳಬೇಕು ಎನ್ನುವುದು ದಾನದ ಮಾತಲ್ಲ.

ಆ ಕೊನೆ ಎಲ್ಲಿದೆ ಎಂಬುದು ಶಿಬೀನ್ ಅಲ್-ಕೋಮ್‌ನಲ್ಲಿ ಅರ್ಥವಾಗುತ್ತದೆ. ಬೆನ್ಹಾ ದಾಟಿ ಮುಖ್ಯ ಹಳಿಯಿಂದ ಪಶ್ಚಿಮಕ್ಕೆ ಸರಿದರೆ ಸಿಗುವ ಈ ಪಟ್ಟಣದಲ್ಲಿ ಮಿನೂಫಿಯಾ ವಿಶ್ವವಿದ್ಯಾಲಯದ ರಾಷ್ಟ್ರೀಯ ಲಿವರ್ ಸಂಸ್ಥೆ ಇದೆ. ಲಿವರಿಗೆಂದೇ ಇಷ್ಟು ದೊಡ್ಡ ಸಂಸ್ಥೆಯೊಂದು ಹೊಲಗದ್ದೆಗಳ ನಡುವಿನ ಊರಿನಲ್ಲಿರುವುದು ಆಡಳಿತದ ವಿಕೇಂದ್ರೀಕರಣದ ಹುಮ್ಮಸ್ಸಿನಿಂದಲ್ಲ, ರೋಗಿಗಳು ಇಲ್ಲಿದ್ದ ಕಾರಣಕ್ಕೆ. ಈ ವೈರಸ್ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು ಲಿವರನ್ನು ಗಾಯಗೊಳಿಸುತ್ತಾ, ಗಾಯದ ಕಲೆಗಳಿಂದ ಅದನ್ನು ಗಟ್ಟಿಯಾಗಿಸುತ್ತದೆ; ಇದೇ ಸಿರೋಸಿಸ್. ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾದಾಗ, ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತ ಕಾರಿದಾಗ, ಹಗಲು ರಾತ್ರಿಯ ಪರಿವೆ ತಪ್ಪಿ ಮಾತು ತೊದಲಿದಾಗಲೇ ಹಲವರಿಗೆ ಸಿರೋಸಿಸ್ ಇದೆಯೆಂದು ತಿಳಿಯುವುದು. ಬಿಲ್ಹಾರ್ಜಿಯಾ ಮೊದಲೇ ಕೆಡಿಸಿದ್ದ ಲಿವರಾದರೆ ಸಂಕಟ ಇಮ್ಮಡಿ. ಈ ಡೆಲ್ಟಾದ ಹಳ್ಳಿಯಲ್ಲೇ ಹುಟ್ಟಿದ ಮಹಾಗಾಯಕ ಅಬ್ದೆಲ್ ಹಲೀಮ್ ಹಾಫಿಜ್ ಬಾಲ್ಯದ ಬಿಲ್ಹಾರ್ಜಿಯಾದಿಂದ ಲಿವರ್ ಕೆಟ್ಟು 1977ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಲಂಡನ್ನಿಗೆ ಹೋಗಲಾಗದವರು ತಮ್ಮೂರಿನಲ್ಲೇ ತೀರಿಕೊಂಡರು.

ಚಿತ್ರ ಬದಲಾದದ್ದು ಸಿ ವೈರಸ್ಸನ್ನು ತೊಲಗಿಸುವ ಸೊಫೊಸ್ಬುವಿರ್ ಮಾತ್ರೆಯಿಂದ. ಅಮೆರಿಕದಲ್ಲಿ 12 ವಾರದ ಚಿಕಿತ್ಸೆಗೆ 84,000 ಡಾಲರ್ ಬೆಲೆ ಕಟ್ಟಿದ್ದ ಗಿಲಿಯಡ್ ಕಂಪನಿಯಿಂದ ಈಜಿಪ್ಟ್ 2014ರಲ್ಲಿ ಅದನ್ನು 900 ಡಾಲರಿಗೆ ಪಡೆಯಿತು. ಮುಂದೆ ಅಲೆಕ್ಸಾಂಡ್ರಿಯಾದ ಫಾರ್ಕೊದಂಥ ಸ್ಥಳೀಯ ಕಂಪನಿಗಳ ಜೆನೆರಿಕ್ ಬಂದು ಬೆಲೆ ಇನ್ನೂ ಕುಸಿಯಿತು. (2014ರಲ್ಲೇ ಈ ಔಷಧ ತಯಾರಿಸಲು ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಇತ್ತು.) ಮೊದಲ ಸುತ್ತಿನ ಮಾತ್ರೆಗಳನ್ನು ಲಿವರ್ ಹೆಚ್ಚು ಕೆಟ್ಟವರಿಗೇ ಮೀಸಲಿಟ್ಟದ್ದು ವಿವೇಕದ ನಿರ್ಧಾರ. ಆಮೇಲೆ 2018ರ ಅಕ್ಟೋಬರಿನಿಂದ 2019ರ ಏಪ್ರಿಲ್ ತನಕ '10 ಕೋಟಿ ಆರೋಗ್ಯ' ಅಭಿಯಾನ ಸುಮಾರು 5 ಕೋಟಿ ವಯಸ್ಕರ ರಕ್ತ ಪರೀಕ್ಷಿಸಿತು. 22 ಲಕ್ಷಕ್ಕೂ ಹೆಚ್ಚು ಜನರಲ್ಲಿ ಸೋಂಕಿನ ಗುರುತು ಕಂಡಿತು. ಮರುವರ್ಷ ಪ್ರಕಟವಾದ ವರದಿಯಲ್ಲಿ ಚಿಕಿತ್ಸೆಯ ಯಶಸ್ಸು ನೂರಕ್ಕೆ 98.8. ಆದರೆ ಈ ಅಂಕಿ ಫಲಿತಾಂಶ ತಿಳಿದವರದ್ದು ಮಾತ್ರ. 10 ಲಕ್ಷಕ್ಕೂ ಹೆಚ್ಚು ಜನ ಮಾತ್ರೆ ಆರಂಭಿಸಿದ್ದರು, ಆ ಹೊತ್ತಿಗೆ ಫಲಿತಾಂಶ ಗೊತ್ತಿದ್ದದ್ದು ಸುಮಾರು 4.66 ಲಕ್ಷ ಜನರದ್ದು. ಉಳಿದವರಲ್ಲೂ ಬಹುಪಾಲು ಗುಣವಾಗಿರಬಹುದು, ಮಾತ್ರೆ ಅಷ್ಟು ಒಳ್ಳೆಯದು. ನನಗೆ ಮುಖ್ಯವೆನಿಸುವುದು ಬೇರೆ: 12 ವಾರದ ಕೋರ್ಸಿನ ಫಲಿತಾಂಶವನ್ನೇ ಹಿಡಿದಿಡುವುದು ಇಷ್ಟು ಕಷ್ಟವಾದರೆ, ಸಿರೋಸಿಸ್ ಇರುವವರನ್ನು ಜೀವಮಾನವಿಡೀ ಹಿಂಬಾಲಿಸುವುದು ಹೇಗೆ?

ಹಿಂಬಾಲಿಸುವ ಅಗತ್ಯವೇನು, ವೈರಸ್ ಹೋದರೆ ಲಿವರ್ ತಾನೇ ಚೇತರಿಸಿಕೊಳ್ಳುವುದಿಲ್ಲವೆ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಉರಿಯೂತ ಇಳಿಯುತ್ತದೆ, ಕೆಲವರಲ್ಲಿ ಕಲೆಯೂ ಕರಗುತ್ತದೆ, ಹೊಟ್ಟೆಯ ನೀರು ಬತ್ತುವುದೂ ಉಂಟು. ಆದರೆ ಸಿರೋಸಿಸ್ ಮುಟ್ಟಿದ ಲಿವರಿನಲ್ಲಿ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕೆಂಬ ನಿಯಮ. ಈಜಿಪ್ಟಿನ ಗಂಡಸರಲ್ಲಿ ಅತಿ ಸಾಮಾನ್ಯ ಕ್ಯಾನ್ಸರ್ ಲಿವರಿನದೇ ಆಗಿರುವಾಗ ಇದನ್ನು ಶಾಸ್ತ್ರಕ್ಕೆ ಹೇಳುವ ಮಾತೆಂದು ತಳ್ಳಿಹಾಕುವಂತಿಲ್ಲ. ಮಿತಿ ಮೀರಿದವರಿಗೆ ಉಳಿಯುವ ದಾರಿ ಕಸಿ. ನೈಲ್ ನದಿಯ ದಮಿಯತ್ ಕವಲಿನ ದಡದ ಮನ್ಸೂರಾದಂಥ ಕೇಂದ್ರಗಳಲ್ಲಿ ಅದು ನಡೆಯುವುದು ಬದುಕಿರುವ ದಾನಿಗಳಿಂದ, ಎಂದರೆ ಸಾಮಾನ್ಯವಾಗಿ ಮಗನೋ ತಮ್ಮನೋ ಕೊಟ್ಟ ಲಿವರಿನ ತುಂಡಿನಿಂದ. ಮೃತರ ಅಂಗಾಂಗ ದಾನಕ್ಕೆ 2010ರಲ್ಲೇ ಕಾನೂನು ಬಂದರೂ ಅದು ಬಳಕೆಗೆ ಬರಲಿಲ್ಲ. ಕರ್ನಾಟಕದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯ ಕಾಯುವ ಪಟ್ಟಿ ಉದ್ದವಾಯಿತೆಂದು ಗೊಣಗುವ ನಮಗೆ, ಅಂಥ ಪಟ್ಟಿಯೇ ಇಲ್ಲದ ಸ್ಥಿತಿಯನ್ನು ಊಹಿಸುವುದು ಕಷ್ಟ.

ವೈರಸ್ ಹೋದ ಮೇಲೂ ಬಿಡದ ಇನ್ನೊಂದು ತೊಡಕಿದೆ. ಪ್ರತಿಕಾಯಗಳು ರಕ್ತದಲ್ಲಿ ವರ್ಷಗಟ್ಟಲೆ, ಎಷ್ಟೋ ಸಲ ಜೀವನಪೂರ್ತಿ ಉಳಿಯುತ್ತವೆ. ಅಗ್ಗದ ಪರೀಕ್ಷೆ ಹುಡುಕುವುದು ಅವನ್ನೇ. ಕೊಲ್ಲಿ ದೇಶಗಳ ಕೆಲಸದ ವೀಸಾಕ್ಕೆ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ಪ್ರತಿಕಾಯ ಕಂಡರೆ 'ಅನರ್ಹ' ಎಂಬ ಮುದ್ರೆ ಬೀಳುವ ಭಯ ತಾಂತಾದ ಕೂಲಿಗಾರನಿಗಿರುವಷ್ಟೇ ಭಟ್ಕಳದ, ಮಂಗಳೂರಿನ ಯುವಕನಿಗೂ ಇದೆ. ವೈರಸ್ಸನ್ನೇ ಅಳೆಯುವ ಪಿಸಿಆರ್ ಪರೀಕ್ಷೆಯ ಕಾಗದವನ್ನು ಒಪ್ಪಿಕೊಂಡರೆ ಬಗೆಹರಿಯುವ ಸಮಸ್ಯೆ ಇದು. ಒಪ್ಪದಿರುವುದಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವಿಲ್ಲ.

ಕೊನೆಯ ಆಕ್ಷೇಪ ಹಣದ್ದು, ಅದೇ ಗಟ್ಟಿಯಾದದ್ದು ಕೂಡ. ಸಾಲ ಹೊತ್ತ ದೇಶವೊಂದು ಕೋಟಿಗಟ್ಟಲೆ ಜನರನ್ನು ಪರೀಕ್ಷಿಸಿ ಸೋಂಕನ್ನು ಮೊದಲೇ ಹಿಡಿದು ಸಿರೋಸಿಸ್ಸನ್ನೇ ತಡೆಯಬೇಕೋ, ಆಗಲೇ ಕೆಟ್ಟ ಲಿವರುಗಳ ಮೇಲೆ ಹಣ ಸುರಿಯುತ್ತಿರಬೇಕೋ? ಎರಡರಲ್ಲಿ ಒಂದನ್ನೇ ಆರಿಸಬೇಕಿದ್ದರೆ ನಾನೂ ಮೊದಲನೆಯದನ್ನೇ ಆರಿಸುತ್ತಿದ್ದೆ. ಆದರೆ ಅಂಥ ಇಕ್ಕಟ್ಟು ಇಲ್ಲಿಲ್ಲ. ಅಲ್ಟ್ರಾಸೌಂಡ್ ಯಂತ್ರ ಜಿಲ್ಲಾಸ್ಪತ್ರೆಗಳಲ್ಲೂ ಇರುವ ವಸ್ತು. ಕೊರತೆಯಿರುವುದು ರೋಗಿಯನ್ನು ಮರಳಿ ಕರೆಯುವ ಏರ್ಪಾಟಿನದು. ಆ ಏರ್ಪಾಟನ್ನು ಈಜಿಪ್ಟ್ ಒಮ್ಮೆ ಕಟ್ಟಿಯೂ ತೋರಿಸಿದೆ: ಮತದಾರರ ಪಟ್ಟಿ ಹಿಡಿದು, 14 ಅಂಕಿಯ ಗುರುತಿನ ಸಂಖ್ಯೆಗೆ ಪ್ರತಿಯೊಬ್ಬರ ಫಲಿತಾಂಶ ಜೋಡಿಸಿ, ಏಳೇ ತಿಂಗಳಲ್ಲಿ 5 ಕೋಟಿ ಜನರನ್ನು ತಪಾಸಣೆಗೆ ಕರೆತಂದಿತು. ಸಿರೋಸಿಸ್ ಇರುವವರ ಸಂಖ್ಯೆ ಅದರ ಸಣ್ಣ ಪಾಲು. ಅದೇ ಪಟ್ಟಿಯಿಂದ ಅವರ ಹೆಸರು ಬೇರೆ ತೆಗೆದು, ವರ್ಷಕ್ಕೆರಡು ಬಾರಿ ಕರೆ ಕಳಿಸಿ, ಬಾರದವರ ಹಳ್ಳಿಗೆ ಆರೋಗ್ಯ ಕಾರ್ಯಕರ್ತೆಯನ್ನು ಅಟ್ಟಲು ಹೊಸ ಔಷಧವೂ ಬೇಡ, ಹೊಸ ಕಟ್ಟಡವೂ ಬೇಡ. 2018ರ ಜುಲೈ 28ರಂದು ಆರಂಭವಾದ ನಮ್ಮ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ಡೆಲ್ಟಾದಿಂದ ಅದು ಕಲಿಯಬೇಕಾದದ್ದು ಈ ಪಟ್ಟಿ ಇಡುವ ಕೆಲಸವನ್ನು.