ಹೊನ್ನಾರಿಗೆ ಬಂದ ಕ್ಯಾಮೆರಾ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಹೆಸರು ‘ಕ್ಯಾಮೆರಾ ಫೈನಲ್’. ಅದರ ಪಕ್ಕದಲ್ಲೇ ‘ಕ್ಯಾಮೆರಾ ಫೈನಲ್ 2’, ‘ಕ್ಯಾಮೆರಾ ಫೈನಲ್ ಲಾಸ್ಟ್’ ಅಂತ ಇನ್ನೆರಡು. ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ಸಾಲು, ಹತ್ತೊಂಬತ್ತು ಕಾಲಮ್ಮು. ಸೆನ್ಸರ್ ಅಳತೆ, ಮೆಗಾಪಿಕ್ಸೆಲ್, ತೂಕ, ಬ್ಯಾಟರಿ, ಸೆಕೆಂಡಿಗೆ ಎಷ್ಟು ಫೋಟೋ, ಎಲ್ಲಕ್ಕೂ ಅಂಕ ಕೊಟ್ಟು, ಅಂಕಕ್ಕೊಂದು ವೇಟೇಜ್ ಕೊಟ್ಟು, ಫಾರ್ಮುಲಾ ಹಾಕಿ, ಗೆದ್ದ ಕ್ಯಾಮೆರಾಗೆ ಹಸಿರು ಬಣ್ಣ. 2023ರ ಗಣೇಶನ ಹಬ್ಬಕ್ಕೆ ಶುರುವಾದ ಶೀಟು ಮುಗಿದಾಗ 2024ರ ಯುಗಾದಿಗೆ ಹತ್ತು ದಿನ ಉಳಿದಿತ್ತು. ಅಷ್ಟರೊಳಗೆ ಹಸಿರು ಬಣ್ಣ ಐದು ಮನೆ ಬದಲಾಯಿಸಿತ್ತು.

ಕ್ಯಾಮೆರಾ ಯಾಕೆ ಬೇಕಿತ್ತು ಅಂದ್ರೆ, ಎತ್ತಿಗೆ.

ನಮ್ಮೂರು ತಿಪಟೂರು ಕಡೆ. ಒಂದಿಷ್ಟು ತೆಂಗು, ಉಳಿದದ್ದು ರಾಗಿ ಹೊಲ. ನಮ್ಮ ಬೀದಿಯಲ್ಲಿ ಎತ್ತು ಇಟ್ಟುಕೊಂಡಿದ್ದವನು ಅಪ್ಪ ಒಬ್ಬನೇ. ಉಳಿದವರೆಲ್ಲ ಯಾವಾಗಲೋ ಟ್ರ್ಯಾಕ್ಟರಿಗೆ ಫೋನ್ ಮಾಡೋದು ಕಲಿತಿದ್ದರು. ಹಳ್ಳಿಕಾರ್ ಜೋಡಿ. ಹೆಸರೇನೂ ವಿಶೇಷ ಇಲ್ಲ, ದೊಡ್ಡೋನು, ಚಿಕ್ಕೋನು ಅಷ್ಟೇ. ಗಣೇಶನ ಹಬ್ಬಕ್ಕೆ ಹೋದಾಗ ಒಂದು ಸಂಜೆ ಅಪ್ಪ ಹೊಲದಿಂದ ಎತ್ತು ಹೊಡ್ಕೊಂಡು ಬರ್ತಿದ್ದ. ಹಿಂದೆ ಬಿಸಿಲು, ಎತ್ತಿನ ಕೊಂಬಿನ ಸುತ್ತ ಧೂಳು ಹೊಳೀತಿತ್ತು. ಫೋನ್ ತೆಗೆದೆ. ಆಮೇಲೆ ಅನ್ನಿಸ್ತು, ಇದಕ್ಕೆ ಫೋನ್ ಸಾಲಲ್ಲ, ಸರಿಯಾದ ಕ್ಯಾಮೆರಾನೇ ಬೇಕು.

“ಅಪ್ಪ, ಒಂದು ಒಳ್ಳೆ ಕ್ಯಾಮೆರಾ ತಗೊಂಡ್ ಬರ್ತೀನಿ. ನಿಂದೂ ಎತ್ತಿಂದೂ ಒಂದು ದೊಡ್ಡ ಫೋಟೋ ಮಾಡ್ಸಣ.”

“ತಗಂಡ್ ಬಾ. ಎಲ್ಲೋಯ್ತವೆ ಅವು.”

ಬೆಂಗಳೂರಿಗೆ ಬಂದವನು ಓದೋಕೆ ಶುರು ಮಾಡಿದೆ. ನಮ್ಮ ಕಾಲೇಜು ದಿನಗಳಲ್ಲಿ ದೊಡ್ಡ ಕ್ಯಾಮೆರಾ ಅಂದ್ರೆ ಡಿಎಸ್ಎಲ್ಆರ್. ಅದರ ಹೊಟ್ಟೆಯಲ್ಲಿ ಓರೆಯಾಗಿ ಒಂದು ಕನ್ನಡಿ. ಲೆನ್ಸಿನಿಂದ ಬಂದ ಬೆಳಕನ್ನ ಆ ಕನ್ನಡಿ ಮೇಲಕ್ಕೆ ಕಳಿಸುತ್ತೆ, ನಾವು ಕಣ್ಣಿಟ್ಟು ನೋಡ್ತೀವಿ. ಬಟನ್ ಒತ್ತಿದ ತಕ್ಷಣ ಕನ್ನಡಿ ಟಪ್ ಅಂತ ಮೇಲೆದ್ದು ಸೆನ್ಸರಿಗೆ ದಾರಿ ಬಿಡುತ್ತೆ. ಮದುವೆ ಮನೆಯಲ್ಲಿ ಕೇಳ್ತಿದ್ದ ಸದ್ದಿನಲ್ಲಿ ದೊಡ್ಡ ಪಾಲು ಈ ಕನ್ನಡಿಯದ್ದು. 2008ರಲ್ಲಿ ಪ್ಯಾನಾಸಾನಿಕ್‌ನವರು ಜಿ1 ಅನ್ನೋ ಕ್ಯಾಮೆರಾದಲ್ಲಿ ಕನ್ನಡಿಯನ್ನೇ ಕಿತ್ತು ಹಾಕಿದರು. ಸೆನ್ಸರ್ ಏನು ನೋಡುತ್ತೋ ಅದನ್ನೇ ಪುಟ್ಟ ಪರದೆಯಲ್ಲಿ ನಮಗೂ ತೋರಿಸೋದು. ಮಿರರ್‌ಲೆಸ್ ಅಂದ್ರೆ ಇಷ್ಟೇ. ಹೊಸಬರಿಗೆ ಇದರಿಂದ ದೊಡ್ಡ ಉಪಕಾರ. ಫೋಟೋ ಕಪ್ಪಾಗುತ್ತಾ, ಬೆಳ್ಳಗಾಗುತ್ತಾ ಅನ್ನೋದು ಒತ್ತೋ ಮೊದಲೇ ಕಾಣುತ್ತೆ. ಪರದೆ ಸದಾ ಉರೀತಿರೋದ್ರಿಂದ ಬ್ಯಾಟರಿ ಮಾತ್ರ ಬೇಗ ಖಾಲಿ. ಜೇಬಲ್ಲಿ ಇನ್ನೊಂದು ಇರಲೇಬೇಕು.

ಇಷ್ಟು ತಿಳ್ಕೊಂಡಾಗಲೇ ಹೋಗಿ ತಂದಿದ್ರೆ ಆಗಿತ್ತು. ದಸರಾ ಸೇಲ್ ಬಂತು. ನಿಕಾನ್ ಝಡ್50 ಹಸಿರಾಗಿತ್ತು. ಆದರೆ ಅದು 2019ರದ್ದು, 20.9 ಮೆಗಾಪಿಕ್ಸೆಲ್, ಹೊಸದು ಬರಬಹುದು ಅಂತ ಎಲ್ಲರೂ ಹೇಳ್ತಿದ್ದರು. ಕಾಯೋಣ ಅಂದೆ. ದೀಪಾವಳಿಗೆ ಸೋನಿ ಝಡ್‌ವಿ-ಇ10 ಹಸಿರಾಯ್ತು. ಲೆನ್ಸುಗಳ ಆಯ್ಕೆ ಸೋನಿಯಲ್ಲಿ ಧಾರಾಳ. ಆದರೆ ಅದಕ್ಕೆ ಕಣ್ಣಿಟ್ಟು ನೋಡೋ ವ್ಯೂಫೈಂಡರೇ ಇಲ್ಲ, ಹಿಂದಿನ ಪರದೆ ನೋಡಿಯೇ ತೆಗೀಬೇಕು. ನಮ್ಮ ಹೊಲದ ಮಧ್ಯಾಹ್ನದ ಬಿಸಿಲಲ್ಲಿ ಪರದೆ ಮೇಲೆ ನಮ್ಮ ಮುಖವೇ ಕಾಣುತ್ತೆ ಹೊರತು ಎತ್ತಲ್ಲ. ಆಮೇಲೆ ಫ್ಯೂಜಿಯ ಬಣ್ಣಗಳಿಗೆ ಮನಸೋತು ಒಂದು ತಿಂಗಳು, ಬೆಲೆ ನೋಡಿ ಚೇತರಿಸಿಕೊಳ್ಳೋಕೆ ಇನ್ನೊಂದು ವಾರ. ಫುಲ್ ಫ್ರೇಮ್ ತಗೋ ಮಾರಾಯ, ಮುಂದೆ ಬೇಕಾಗುತ್ತೆ ಅಂತ ಆಫೀಸಿನ ಗೆಳೆಯನೊಬ್ಬ ತಲೆ ಕೆಡಿಸಿದ. ಅವನ ಕ್ಯಾಮೆರಾ ಕೊಂಡಾಗಿನಿಂದ ಬೀರುವಿನಲ್ಲಿದೆ ಅನ್ನೋದು ಆಮೇಲೆ ಗೊತ್ತಾಯ್ತು.

ನಡುವೆ ಸಂಕ್ರಾಂತಿ ಬಂತು. ನಮ್ಮ ಕಡೆ ಅವತ್ತು ಕಿಚ್ಚು ಹಾಯಿಸೋದು. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಕತ್ತಲಾಗೋ ಹೊತ್ತಿಗೆ ಹುಲ್ಲಿಗೆ ಬೆಂಕಿ ಹಾಕಿ ಅದರ ಮೇಲೆ ಹಾರಿಸ್ತಾರೆ. ನನ್ನ ಕೈಯಲ್ಲಿ ಫೋನೇ ಇತ್ತು. ಫೋನಿನ ನೈಟ್ ಮೋಡ್ ಹಲವು ಫೋಟೋಗಳನ್ನ ಒಂದರ ಮೇಲೊಂದು ಕೂಡಿಸಿ ಒಂದು ಮಾಡುತ್ತೆ. ನಿಂತ ದೇವಸ್ಥಾನಕ್ಕೆ ಅದು ಬಲು ಚೆಂದ. ಬೆಂಕಿ ಹಾರೋ ಎತ್ತಿಗೆ ಹಾಗಲ್ಲ. ದೊಡ್ಡೋನಿಗೆ ಮೂರು ಕೊಂಬು ಬಂದಿತ್ತು, ಚಿಕ್ಕೋನಿಗೆ ತಲೆಯೇ ಇರಲಿಲ್ಲ. ಹಗ್ಗ ಹಿಡಿದು ಜೊತೆಗೆ ಓಡಿದ ಅಪ್ಪ ಒಂದು ಬಿಳಿ ಗೆರೆ.

“ಅಪ್ಪ, ಇನ್ನೊಂದ್ಸಲ ಹಾಯಿಸ್ತೀಯ? ಸರಿಯಾಗಿ ಬರ್ಲಿಲ್ಲ.”

“ಕಿಚ್ಚು ಎಲ್ಡೆಲ್ಡ್ ಸಲ ಹಾಯ್ಸ್ತಾರೇನ್ಲಾ?”

ಮಾರನೇ ದಿನ ಹಗಲಲ್ಲಿ ಕೊಟ್ಟಿಗೆ ಮುಂದೆ ಮೂರೂ ಜನರನ್ನ ನಿಲ್ಲಿಸಿ ಫೋನಲ್ಲೇ ತೆಗೀಬಹುದಿತ್ತು. ಹಗಲ ಬೆಳಕಲ್ಲಿ ಫೋನ್ ಏನೂ ಕೆಟ್ಟದಾಗಿ ತೆಗೆಯಲ್ಲ. ಆದರೆ ಮನಸ್ಸಲ್ಲಿ ಆ ಶೀಟ್ ಇತ್ತಲ್ಲ. ಕ್ಯಾಮೆರಾ ಬರಲಿ ಅಂತ ಬಿಟ್ಟೆ. ಆ ಮಧ್ಯಾಹ್ನವೇ ಬಸ್ ಹತ್ತಿದೆ.

ಆ ವರ್ಷ ಮಳೆ ಕೈಕೊಟ್ಟಿದ್ದು ನಿಮಗೂ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಬೆಂಗಳೂರಲ್ಲಿ ನಮಗೆ ಬರ ಅಂದ್ರೆ ಟ್ಯಾಂಕರ್ ರೇಟು. ಊರಲ್ಲಿ ರಾಗಿ ಮೊಣಕಾಲುದ್ದಕ್ಕೇ ಒಣಗಿತ್ತು. ರಾಗಿ ಇಲ್ಲ ಅಂದ್ರೆ ರಾಗಿ ಹುಲ್ಲೂ ಇಲ್ಲ, ಮೆದೆ ಒಟ್ಟೋ ಜಾಗ ಖಾಲಿ. ಕೊಬ್ಬರಿ ರೇಟೂ ಬಿದ್ದಿತ್ತು. ಹುಲ್ಲು ಕೊಂಡು ಎತ್ತು ಸಾಕೋದು ಯಾರಿಗೂ ಗಿಟ್ಟೋ ವ್ಯವಹಾರ ಅಲ್ಲ. ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂತಲ್ಲ. ಫೋನಲ್ಲಿ ಅಮ್ಮ ಹೇಳ್ತಿದ್ದಳು, ನಾನು ಹೂಂಗುಟ್ಟುತ್ತಾ ಇನ್ನೊಂದು ಕಡೆ ಎರಡು ಆಟೋಫೋಕಸ್‌ಗಳನ್ನ ಹೋಲಿಸ್ತಿದ್ದೆ.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನದ ಜಾತ್ರೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿದ್ದೆ. ಅಪ್ಪ ಎತ್ತು ಕೊಳ್ಳೋ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಬಾಯಿ ಬಿಡಿಸಿ ಹಲ್ಲು ನೋಡೋದು, ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕೋದು, ನಾಲ್ಕು ಹೆಜ್ಜೆ ನಡೆಸೋದು, ಆಮೇಲೆ ನೊಗ ಹೂಡಿ ನೋಡೋದು. ಕೊನೆಗೆ ಟವೆಲ್ ಕೆಳಗೆ ಕೈ ಸೇರಿಸಿ ಬೆರಳಿನಲ್ಲೇ ರೇಟು. ಅರ್ಧ ದಿನದಲ್ಲಿ ಮುಗೀತಿತ್ತು. ಆ ಸಲ ಅಪ್ಪ ಟವೆಲಿನ ಆಚೆ ಕಡೆ ನಿಂತಿದ್ದ.

“ಜಾತ್ರೆಗ್ ಹೊಡ್ಕಂಡ್ ಹೋಗಿದ್ದೆ ಕಣ್ಲಾ. ಹೋದ್ವು” ಅಂದ ಫೋನಲ್ಲಿ.

“ಎಷ್ಟಕ್ಕೆ?”

“ತೊಂಬತ್ತೈದು. ಇರ್ಲಿ ಬಿಡು, ಒಳ್ಳೆ ಮನೆಗೇ ಹೋದ್ವು.” ಆಮೇಲೆ ನನ್ನ ಊಟ ಆಯ್ತಾ ಅಂತ ಕೇಳಿದ.

ಅದಾಗಿ ಮೂರು ವಾರಕ್ಕೆ, ಒಂದು ಶನಿವಾರ, ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಜಯನಗರದ ಒಂದು ಅಂಗಡಿಗೆ ಹೋದೆ. ಮೂರು ಕ್ಯಾಮೆರಾ ಕೈಗೆ ತಗೊಂಡು ನೋಡಿದೆ. ಕಣ್ಣಿಗಿಟ್ಟೆ, ಬಟನ್‌ಗಳು ಹೆಬ್ಬೆರಳಿಗೆ ಸಿಗುತ್ತಾ ನೋಡಿದೆ, ಅಂಗಡಿಯಿಂದ ಹೊರಗೆ ಬಂದು ರಸ್ತೆಯಲ್ಲಿ ಹೋಗ್ತಿದ್ದ ಆಟೋ ತೆಗೆದೆ. ಇಪ್ಪತ್ತು ನಿಮಿಷ. ಕ್ಯಾನನ್ ಆರ್50 ತಗೊಂಡೆ. ಶೀಟಿನಲ್ಲಿ ಅದು ನಾಲ್ಕನೇ ಸ್ಥಾನದಲ್ಲಿತ್ತು.

ಯಾಕೆ ಅದು ಅಂತ ಆಫೀಸಿನಲ್ಲಿ ಈಗಲೂ ಹುಡುಗರು ಬಂದು ಕೇಳ್ತಾರೆ. ನಾನು ಬಾಡಿ ಬಗ್ಗೆ ಹೆಚ್ಚು ಮಾತಾಡಲ್ಲ. ಈ ಬೆಲೆಯಲ್ಲಿ ನಾನು ನೋಡಿದ ಎಲ್ಲವೂ ಎಪಿಎಸ್-ಸಿ ಅನ್ನೋ ಸೆನ್ಸರಿನವು, ಕ್ಯಾನನ್‌ನಲ್ಲಿ 22.3 x 14.9 ಮಿಲಿಮೀಟರ್, ಫೋನಿನ ಸೆನ್ಸರಿಗಿಂತ ಎಷ್ಟೋ ಪಾಲು ದೊಡ್ಡದು. 20 ಮೆಗಾಪಿಕ್ಸೆಲ್‌ಗೂ 24ಕ್ಕೂ ಗೋಡೆ ಮೇಲಿನ ಫೋಟೋದಲ್ಲಿ ವ್ಯತ್ಯಾಸ ಹುಡುಕೋದು ಕಷ್ಟ. ದುಡ್ಡು ಉಳಿಸಿ ಲೆನ್ಸಿಗೆ ಹಾಕಿ ಅಂತೀನಿ. ಆರ್50 ಜೊತೆ ಕೊಡೋ 18-45 ಕಿಟ್ ಲೆನ್ಸ್ ಹಗಲಿಗೆ ಸರಿ. ಆದರೆ ಜೂಮ್ ಮಾಡಿ ಕೊನೆಗೆ ಹೋದರೆ ಅದರ ಕಣ್ಣು ಎಫ್ 6.3ಕ್ಕಿಂತ ಹೆಚ್ಚು ತೆರೆಯಲ್ಲ. ಅದರ ಜೊತೆ ನಾನು ತಗೊಂಡಿದ್ದು 50 ಎಂಎಂ ಎಫ್ 1.8. ಲೆಕ್ಕ ಹಾಕಿದರೆ ಒಳಗೆ ಬರೋ ಬೆಳಕು ಸುಮಾರು ಹನ್ನೆರಡು ಪಟ್ಟು. ಹನ್ನೆರಡು ಪಟ್ಟು ಬೆಳಕು ಅಂದ್ರೆ ಶಟರ್ ಅಷ್ಟು ಬೇಗ ಮುಚ್ಚಬಹುದು, ಹಾರೋ ಎತ್ತು ಹಾರಿದ ಜಾಗದಲ್ಲೇ ನಿಲ್ಲುತ್ತೆ. ಲೆನ್ಸಿನ ಸ್ಟೆಬಿಲೈಸೇಷನ್ ನಮ್ಮ ಕೈ ನಡುಕಕ್ಕೆ ಮಾತ್ರ, ಎತ್ತಿನ ಓಟಕ್ಕಲ್ಲ. ಇದನ್ನ ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಹತ್ತೊಂಬತ್ತು ಕಾಲಮ್ಮಿನಲ್ಲಿ ಹದಿನೈದು ಅಳಿಸಬಹುದಿತ್ತು.

ಕೊರತೆಯೂ ಇದೆ. ಎಪಿಎಸ್-ಸಿ ಮೇಲೆ ಆ 50 ಎಂಎಂ 80ರ ಹಾಗೆ ನಡ್ಕೊಳ್ಳುತ್ತೆ. ಮುಖಕ್ಕೆ ಚೆಂದ, ಆದರೆ ನಮ್ಮ ನಡುಮನೆಯಲ್ಲಿ ಅಪ್ಪ, ಅಮ್ಮ ಇಬ್ಬರನ್ನೂ ಹಿಡಿಯೋಕೆ ನಾನು ಗೋಡೆಗೆ ಬೆನ್ನು ಕೊಡಬೇಕು. ಮಳೆ, ಧೂಳು ತಡೆಯೋ ಸೀಲಿಂಗ್ ಇಲ್ಲ. ಕಣದಲ್ಲಿ ಲೆನ್ಸ್ ಬಿಚ್ಚಿ ಇನ್ನೊಂದು ಹಾಕಿದ್ರೋ, ಕನ್ನಡಿಯ ಅಡ್ಡ ಇಲ್ಲದ ಸೆನ್ಸರಿನ ಮೇಲೆ ರಾಗಿ ಹೊಟ್ಟು ನೇರ ಬಂದು ಕೂರುತ್ತೆ. ಕ್ಯಾನನ್‌ಗೆ ಹೊರಗಿನವರ ಆಟೋಫೋಕಸ್ ಲೆನ್ಸ್ ಸಿಗಲ್ಲ ಅಂತ ಶೀಟಿನಲ್ಲಿ ಮೈನಸ್ ಮಾರ್ಕು ಕೊಟ್ಟಿದ್ದೆ. ನಾನು ಕೊಂಡ ಕೆಲವೇ ವಾರಗಳಲ್ಲಿ, ಅದೇ ಏಪ್ರಿಲ್‌ನಲ್ಲಿ, ಸಿಗ್ಮಾ, ಟ್ಯಾಮ್ರಾನ್ ಎರಡೂ ಕ್ಯಾನನ್‌ನ ಎಪಿಎಸ್-ಸಿ ಕ್ಯಾಮೆರಾಗಳಿಗೆ ಲೆನ್ಸ್ ಮಾಡ್ತೀವಿ ಅಂದವು. ನಾನು ಕಾಯ್ತಿದ್ದ ಸೋನಿಯ ಹೊಸದು ಜುಲೈನಲ್ಲಿ, ನಿಕಾನ್‌ದು ನವೆಂಬರ್‌ನಲ್ಲಿ ಬಂತು. ಕಾಯ್ತಾನೇ ಇದ್ದಿದ್ರೆ ಇನ್ನೊಂದು ದೀಪಾವಳಿ ಕಳೀತಿತ್ತು.

ಯುಗಾದಿಗೆ ಊರಿಗೆ ಹೋದೆ. ಕ್ಯಾಮೆರಾ ಎಷ್ಟು ಅಂತ ಅಪ್ಪ ಕೇಳಿದ. ಎರಡು ಲೆನ್ಸೂ ಸೇರಿ ತೊಂಬತ್ತು ಸಾವಿರದ ಹತ್ತಿರ ಆಗಿತ್ತು. “ಮೂವತ್ತು” ಅಂದೆ.

ಯುಗಾದಿ ದಿನ ನಮ್ಮಲ್ಲಿ ಹೊನ್ನಾರು, ವರ್ಷದ ಮೊದಲ ಉಳುಮೆ. ಮೇಗಲಕೇರಿಯಲ್ಲಿ ಎರಡು ಜೋಡಿ ಎತ್ತು ಉಳಿದಿದ್ದವು. ಅಪ್ಪ ಹೊಸ ಟವೆಲ್ ಹಾಕ್ಕೊಂಡು ಅಲ್ಲಿಗೆ ಹೋದ. ಪೂಜೆ ಆದಮೇಲೆ ಅವರೇ ಕರೆದು, “ಬಾ ಗೌಡ, ನೀನೂ ಒಂದ್ ಸಾಲ್ ಹೊಡಿ” ಅಂದರು. ಅಪ್ಪ ಚಪ್ಪಲಿ ಬಿಟ್ಟು ಮೇಣಿ ಹಿಡಿದ. ನಾನು ನಾನೂರು ಫೋಟೋ ತೆಗೆದೆ. ಅಪ್ಪನ ಹಿಮ್ಮಡಿಯ ಬಿರುಕು, ಗುಳದ ಮುಂದೆ ಒಡೆಯೋ ಹೆಂಟೆ, ಎತ್ತಿನ ರೆಪ್ಪೆ ಕೂದಲು, ಎಲ್ಲ ಎಣಿಸೋ ಹಾಗೆ ಬಂತು.

ಸಂಜೆ ಜಗಲಿ ಮೇಲೆ ಕೂತು ತೋರಿಸಿದೆ. ಅಪ್ಪ ತನ್ನ ಮುಖವನ್ನ ನೋಡ್ಲೇ ಇಲ್ಲ. ಒಂದು ಫೋಟೋದಲ್ಲಿ ಬೆರಳಿಟ್ಟು, “ಇದನ್ನ ದೊಡ್ಡದ್ ಮಾಡು” ಅಂದ. ಮಾಡಿದೆ. “ಬಲಗಡೆ ಎತ್ತು ನೋಡು. ನೊಗ ಸರಿಯಾಗ್ ಕೂತಿಲ್ಲ, ಹೆಗಲು ತರಚ್ತದೆ. ನಾಳೆ ಅವ್ರಿಗ್ ಹೇಳ್ಬೇಕು.”

ಆ ರಾತ್ರಿ ಅಮ್ಮ ತನ್ನ ಫೋನ್ ತಂದು ಒಂದು ಫೋಟೋ ತೋರಿಸಿದಳು. ಜಾತ್ರೆಗೆ ಹೊರಟ ಬೆಳಗ್ಗೆ ಚಿಕ್ಕಪ್ಪನ ಮಗನ ಕೈಲಿ ತೆಗೆಸಿದ್ದು. ಅಪ್ಪ ಮದುವೆಗೆ ಹಾಕೋ ಬಿಳಿ ಅಂಗಿ ಹಾಕ್ಕೊಂಡು ಎತ್ತುಗಳ ನಡುವೆ ನಿಂತಿದ್ದಾನೆ. ದೊಡ್ಡೋನ ಒಂದು ಕೊಂಬು ಫೋಟೋದ ಆಚೆ ಹೋಗಿದೆ, ಅಪ್ಪನ ಕಣ್ಣು ಅರ್ಧ ಮುಚ್ಚಿದೆ, ಮೂಲೆಯಲ್ಲಿ ಹುಡುಗನ ಬೆರಳು. “ಅವ್ನು ಕ್ಯಾಮೆರಾ ತರೋಗಂಟ ಇವ್ ಇರಲ್ಲ, ನೀನೇ ಒಂದ್ ತೆಗಿ ಅಂದ್ರು” ಅಂದಳು ಅಮ್ಮ.

ಮೂಲ ಫೋಟೋ ಕೇಳಿದರೆ ಹುಡುಗ ಅಷ್ಟರಲ್ಲಿ ಫೋನ್ ಬದಲಾಯಿಸಿದ್ದ. ಉಳಿದಿದ್ದು ವಾಟ್ಸಾಪಿನಲ್ಲಿ ಬಂದು ಕುಗ್ಗಿದ್ದು ಮಾತ್ರ. ತಿಪಟೂರಿನ ಸ್ಟುಡಿಯೋದವನು, “ಇದಕ್ಕಿಂತ ದೊಡ್ಡದ್ ಮಾಡಿದ್ರೆ ಒಡೆಯುತ್ತೆ ಸಾರ್” ಅಂತ ಒಂದು ನೋಟ್‌ಬುಕ್ಕಿನಷ್ಟು ಮಾಡಿ ಕಟ್ಟು ಹಾಕಿಕೊಟ್ಟ. ನಡುಮನೆಯಲ್ಲಿ ದೇವರ ಫೋಟೋ ಪಕ್ಕ ಅದೇ ಇದೆ.

ನಂದೂ ಒಂದು ಹಾಕಿಸೋಣ್ವಾ ಅಂತ ಅಪ್ಪನ್ನ ಕೇಳಿದೆ. “ಹಾಕ್ಸು, ಇನ್ನೊಂದ್ ಮೊಳೆ ಹೊಡೀಬೇಕಷ್ಟೇ” ಅಂದ. ಮೊಳೆ ಹೊಡೆದಾಗಿದೆ. ನಾನೂರರಲ್ಲಿ ಯಾವುದು ಅಂತ ಇನ್ನೂ ನೋಡ್ತಾ ಇದೀನಿ.